ಮಾಲತೇಶನ ಮೂವತ್ಮೂರು ಡಿಗ್ರಿ

ಅಂದು ಬೆಳಿಗ್ಗೆ ಜಗಳೂರಿನ ಮಾಲತೇಶನ ಗೋಡೆ ಗಡಿಯಾರ ಟೈಮು ತೋರಿಸಿತು, ತಾರೀಖು ತೋರಿಸಿತು, ಮನೆಯೊಳಗಿನ ಬಿಸಿಯನ್ನೂ ತೋರಿಸಿತು. ಹೊರಗಿನ ಬಿಸಿ ತೋರಿಸಬೇಕಾದಲ್ಲಿ ಮಾತ್ರ ಎರಡು ಅಡ್ಡಗೆರೆ ಎಳೆದು ಸುಮ್ಮನಾಯಿತು. ಮಾಲತೇಶ ಅದನ್ನು ಎರಡು ಸಲ ತಟ್ಟಿ ನೋಡಿದ.

ಅದು ಅಂತಿಂಥ ಗಡಿಯಾರವಲ್ಲ. ತಾರಸಿಯ ಮೇಲೆ ಕಟ್ಟಿದ ಪುಟ್ಟ ಡಬ್ಬಿ ಹೊರಗಿನ ಬಿಸಿ ಅಳೆದು, ವೈರೇ ಇಲ್ಲದೆ ಅದಕ್ಕೆ ತಿಳಿಸುತ್ತದೆ. ತಂದಾಗಿನಿಂದ ಅದು ಹೇಳಿದ್ದು ಒಂದೇ, ಮೂವತ್ಮೂರು ಡಿಗ್ರಿ. ಮುಂಜಾನೆ ಹಲ್ಲು ಕಟಕಟ ಎನ್ನುವ ಚಳಿಯಲ್ಲೂ ಮೂವತ್ಮೂರು! ಮೊದಲು ನಕ್ಕವರು ಮಧ್ಯಾಹ್ನ ಬಿಸಿಲೇರಿದಾಗ ಬೆರಗಾದರು.

"ಬರೋ ಬಿಸಿಲನ್ನ ಮುಂಚೇನೇ ಹೇಳ್ತೈತೆ ಕಣ್ರೀ!" ಎಂದು ಎದುರುಮನೆಯ ಸರ್ವಮಂಗಳಮ್ಮ ಹೊದ್ದ ಶಾಲು ತೆಗೆದಿಟ್ಟರು.

ಆಮೇಲೆ ಆ ಗಡಿಯಾರವನ್ನು ಕೇಳದೆ ಬೀದಿಯವರು ಮೆಕ್ಕೆಜೋಳ ಒಣಹಾಕುತ್ತಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಮಡಚುವ ಮಾಲತೇಶನಿಗೆ ಜೀವಮಾನದಲ್ಲಿ ಸಿಕ್ಕ ಮರ್ಯಾದೆ ಅದೊಂದೇ.

ಈಗ ಬಾಗಿಲಲ್ಲಿ ಅದೇ ಬೀದಿಯ ರೈತ ಗೋಣೆಪ್ಪ ನಿಂತಿದ್ದರು. "ಏನಂತೈತಪ್ಪಾ ನಿನ್ ಗಡಿಯಾರ? ಟ್ರಾಕ್ಟರ್ ತುಂಬಾ ಜೋಳ ಬಂದೈತೆ. ಹರವಾಕೆ ಹೇಳ್ಲೋ, ಬ್ಯಾಡ್ವೋ?"

"ತಡೀರಿ ಗೋಣೆಪ್ಪಾರೆ, ಯೋಚ್ನೆ ಮಾಡ್ತೈತೆ."

ಮಾಲತೇಶ ಟಿವಿ ರಿಮೋಟಿನ ಸೆಲ್ ತೆಗೆದು ಗಡಿಯಾರಕ್ಕೆ ಹಾಕಿದರೂ ಗೆರೆ ಅಲುಗಲಿಲ್ಲ. ಕಿಟಕಿಗೆ ಹಿಡಿದರೂ ಅಲುಗಲಿಲ್ಲ.

"ಇದಕ್ಕೆ ದೃಷ್ಟಿ ಆಗೈತೆ," ಎಂದ ಸರ್ವಮಂಗಳಮ್ಮ ಮೆಣಸಿನಕಾಯಿ ನಿವಾಳಿಸಿ, ಗಡಿಯಾರದ ಕೆಳಗೇ ಕೆಂಡಕ್ಕೆ ಹಾಕಿದರು. ಎಲ್ಲರೂ ಕೆಮ್ಮಿ ಕಣ್ಣೊರೆಸಿಕೊಂಡು ನೋಡುತ್ತಾರೆ, ಒಳಗಿನ ಬಿಸಿ ತೋರಿಸುವ ಅಂಕೆ ಸರಸರ ಏರುತ್ತಿದೆ!

"ಜೀವ ಬಂತು! ಸುರೀರಿ ಜೋಳಾನ!" ಎಂದು ಗೋಣೆಪ್ಪ ಬೀದಿಗೆ ಓಡಿದರು.

ಮಾಲತೇಶ ತಾರಸಿಗೆ ಓಡಿದ. ಡಬ್ಬಿಯ ಬೆನ್ನು ಬಿಚ್ಚಿದರೆ, ಸೆಲ್ಲಿನ ಸಂದಿಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ. ಹೊಸ ಸಾಮಾನಿನ ಪ್ಲಾಸ್ಟಿಕ್ ತೆಗೆಯುವುದು ಅವರ ಮನೆತನದಲ್ಲೇ ಇಲ್ಲ. ಸ್ಕೂಟರಿನ ಸೀಟು ಕೂಡ ಇನ್ನೂ ಕವರಿನೊಳಗೇ ಇದೆ. ಈ ಪಟ್ಟಿ ಕೀಳದೆ ಸೆಲ್ಲಿನಿಂದ ಡಬ್ಬಿಗೆ ಕರೆಂಟು ಹರಿಯದು. ಅಂದರೆ ಡಬ್ಬಿ ಒಂದು ದಿನವೂ ಕೆಲಸ ಮಾಡಿಲ್ಲ! ಹಾಗಾದರೆ ಇಷ್ಟು ದಿನ ಮಾತಾಡಿದ್ದು ಯಾರು? ಮೈ ಜುಮ್ಮೆಂದು, ಮುಗಿಲಿನತ್ತ ತಾನಾಗಿ ಕೈ ಮುಗಿದ.

"ಯಾರಿಗ್ರೀ ಕೈ ಮುಗೀತೀರಿ?" ಪಕ್ಕದ ಹಿತ್ತಲಿನಿಂದ ಜಹಾಂಗೀರ್ ಕೇಳಿದ. ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ತರಹದ ಗಡಿಯಾರ ಕೊಂಡವರು.

"ಭಾಯ್, ನಿಮ್ಮ ಡಬ್ಬಿ ಸರಿ ಐತಾ?"

"ನಿನ್ನೇನೇ ಸೆಲ್ ತೆಗ್ದಿಟ್ಟೆ. ಕೋಳಿಮರಿ ಎಲ್ಲಾ ಮಾರಾಟ ಆದ್ವಲ್ಲ, ಶೆಡ್ಡು ಖಾಲಿ. ಎಳೇ ಮರಿಗಳಿಗೆ ಹಗಲೂ ರಾತ್ರಿ ಬಲ್ಬ್ ಹಾಕಿ ಮೂವತ್ಮೂರು ಡಿಗ್ರಿ ಇಡಬೇಕಿತ್ತು ನೋಡ್ರಿ."

ಅಂದರೆ ಜಹಾಂಗೀರನ ಶೆಡ್ಡಿನ ಡಬ್ಬಿ ಹೇಳಿದ್ದನ್ನೇ ಮಾಲತೇಶನ ಗಡಿಯಾರ ಇಷ್ಟು ದಿನ ಗಾಳಿಯಲ್ಲಿ ಹಿಡಿದು ತೋರಿಸುತ್ತಿತ್ತು. ಬೀದಿಗೆ ಬೀದಿಯೇ ನಂಬಿದ್ದು ಕೋಳಿಮರಿಗಳ ಬೆಚ್ಚನೆಯ ಗೂಡನ್ನು! ಸರಕ್ಕನೆ ಪಟ್ಟಿ ಕಿತ್ತು ಗಾಳಿಗೆ ಎಸೆದು ಕೆಳಗಿಳಿದ. ಗಡಿಯಾರದಲ್ಲಿ ಇಪ್ಪತ್ತೊಂದು. ಅವನ ತೋಳಿಗೆ ತಟ್ಟುತ್ತಿದ್ದ ಚಳಿಯೇ ಗೋಡೆಯ ಮೇಲೆ ಅಂಕೆಯಾಗಿ ಕೂತಿತ್ತು. ಎಂಥ ವಿಸ್ಮಯ! ಅವನ ಕಣ್ಣು ತುಂಬಿ ಬಂತು.

"ಇದು ಖರೇ ಲೆಕ್ಕ! ಜೋಳ ತುಂಬ್ರಿ!" ಎಂದು ಕೂಗುವಷ್ಟರಲ್ಲಿ ಮಳೆ ದಬದಬ ಸುರಿಯಿತು.

ಟಾರ್ಪಾಲು ಎಳೆದೆಳೆದು ತೊಪ್ಪೆಯಾದ ಗೋಣೆಪ್ಪ ಗಡಿಯಾರವನ್ನೂ ಮಾಲತೇಶನನ್ನೂ ದಿಟ್ಟಿಸಿದರು. "ಮೂವತ್ಮೂರು ಇದ್ದಾಗ ಒಂದ್ ಹನಿ ಬಿತ್ತಾ? ಇಪ್ಪತ್ತೊಂದಕ್ಕೆ ಇಳಿಸಿ ಮಳೆ ತರಿಸಿದ್ಯಲ್ಲೋ! ಮ್ಯಾಲೆ ಏನ್ ಕಿತ್ತೆ?"

"ಒಂದ್ ಪ್ಲಾಸ್ಟಿಕ್ ಚೂರು..."

ಸರ್ವಮಂಗಳಮ್ಮ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. "ನಿಮ್ ದಮ್ಮಯ್ಯ, ಅದನ್ನ ವಾಪಸ್ ಹಾಕ್ರಪ್ಪಾ! ಊರು ಕೊಚ್ಚಿ ಹೋಗ್ತೈತೆ!"

ಸುರಿಯುವ ಮಳೆಯಲ್ಲಿ ಮಾಲತೇಶ ಮೊಣಕಾಲೂರಿ ತಾರಸಿಯ ಮೂಲೆಮೂಲೆಯಲ್ಲಿ ಪ್ಲಾಸ್ಟಿಕ್ ಚೂರನ್ನು ಹುಡುಕತೊಡಗಿದ. ಕೆಳಗೆ ಗೋಣೆಪ್ಪ ಕಾವಲು ನಿಂತಿದ್ದರು.