ಯಜಮಾನರ ಮುಖಕ್ಕೆ ಮುತ್ತಿದ ಇರುವೆ

ಯಮುನಾಬಾಯಿಗೆ ಬಸ್ಸೆಂದರೆ ವಾಂತಿ, ವಾಂತಿಯೆಂದರೆ ಬಸ್ಸು. ತನ್ನೂರು ನೇಸರಿಯ ರಸ್ತೆ ನಾಕಾದಲ್ಲಿ ಹಾರ್ನ್ ಕೇಳಿದರೇ ಉಂಡದ್ದು ಗಂಟಲಿಗೆ ಬರುವ ಹೆಂಗಸು! ಗಂಡ ಅಲ್ಲಪ್ಪ ಇದ್ದಾಗ ತಲೆ ಹಿಡಿಯುತ್ತಿದ್ದ. ಅವನು ತೀರಿಕೊಂಡು ವರ್ಷವಾಯಿತು. ಮಾತನಾಡಿಸಲು ಬಂದವರೆಲ್ಲ ಹೇಳಿದ್ದು ಒಂದೇ: “ಆದದ್ದಾತು ಯಮುನವ್ವಾ, ಮುಂದ ನೋಡ.”

“ಮುಂದ ಏನೈತಿ? ನಿನ್ನ ಮಾರಿ!” ಎನ್ನುತ್ತಿದ್ದಳು.

ಅಂಥವಳು ಅವತ್ತು ಮೊಮ್ಮಗಳು ನೇತ್ರಾಳ ಜೊತೆ ಗಡಹಿಂಗ್ಲಜದಲ್ಲಿ ಇಚಲಕರಂಜಿಯ ಬಸ್ಸು ಹತ್ತಿದಳು. ಮಗಳ ಮನೆಗೆ ಪ್ರಯಾಣ. ತೊಡೆಯ ಮೇಲೆ ಬೀಗಿತ್ತಿಗೆಂದು ಒಯ್ದ ಬೆಲ್ಲದ ಚೀಲ. ಬಸ್ಸು ಹೊರಟಿತೋ ಇಲ್ಲವೋ, ಅತ್ತೆಯ ಮೊಬೈಲಿಗೆ ಅಳಿಯ ರೋಹನ ಒಂದು ವಿಡಿಯೋ ಕಳಿಸಿದ. ಅವನ ಹಳೆಯ ಫೋನಿನಲ್ಲಿ ಸಿಕ್ಕಿತಂತೆ. ಮೂರು ನಿಮಿಷ. ಅದರಲ್ಲಿ ಅಲ್ಲಪ್ಪ!

“ಆಯಿ, ಇಳದ ಮ್ಯಾಲ ನೋಡ. ಗಾಡ್ಯಾಗ ನಿನಗ ಆಗೂದಿಲ್ಲ” ಎಂದು ನೇತ್ರಾ ಅಜ್ಜಿಯನ್ನು ತಡೆದಳು.

“ವರ್ಷ ಆತು ಅವರ ದನಿ ಕೇಳಿಲ್ಲ, ತಡೀತೇನೇನ? ನಾಕ ಹಡದಾಕಿ ನಾ! ಮೂರ ನಿಮಿಷ ಹೊಟ್ಟಿ ಹಿಡಕೊಳ್ಳಾಕ ಬರೂದಿಲ್ಲೇನ? ಇವತ್ತ ತೇಗೂ ಬರಾಕ ಬಿಡೂದಿಲ್ಲ!”

ನೇತ್ರಾ ಫೋನಿನಲ್ಲಿ ಏನೋ ಒತ್ತಿದಳು. “ಇದನ್ನ ಚಾಲೂ ಮಾಡೇನಿ. ಓಕರಿಕಿ ಕಡಿಮಿ ಆಗತೈತಿ” ಎಂದಷ್ಟೇ ಹೇಳಿ ಸೀಟಿಗೆ ಒರಗಿ ನಿದ್ದೆ ಹೋದಳು.

ಅಲ್ಲಪ್ಪನ ಮುಖ ಬಂತು. ರುಮಾಲು, ಮೀಸೆ, ಎಲ್ಲ ಇತ್ತು. ಮಾತಾಡಲು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ತಿರುಗಿತು. ಮುಖದ ಎರಡೂ ಬದಿಗೆ ಕರಿ ಚುಕ್ಕೆಗಳು ಸರಸರ ಹರಿದವು!

“ಅಯ್ಯ ಶಿವನ! ಬೆಲ್ಲದ ಇರುವಿ! ಅವರ ಮಾರಿಗೆ ಮುತ್ಯಾವ!”

ಸೆರಗಿನಿಂದ ಒರೆಸಿದಳು. ಬಸ್ಸು ಎಡಕ್ಕೆ, ಇರುವೆ ಬಲಕ್ಕೆ. ಊದಿದಳು. ಉಗುರಿನಿಂದ ಕುಕ್ಕಿದಳು. ಗಂಡನನ್ನು ಉಳಿಸುವ ಆ ಮಹಾಯುದ್ಧದಲ್ಲಿ ಗಂಡನೇ ಮಾಯ! ಅವನ ಜಾಗದಲ್ಲಿ ಇಚಲಕರಂಜಿಯ ಬೀಗಿತ್ತಿ ಪ್ರತ್ಯಕ್ಷ. ಉಗುರು ತಾಗಿ ಅವಳಿಗೆ ವಿಡಿಯೋ ಕಾಲ್ ಹೋಗಿತ್ತು.

“ಏನ್ರೀ ಬೀಗಿತ್ತಿ, ಎಲ್ಲೀತನಾ ಬಂದ್ರಿ?”

ಉತ್ತರ ಹೊಟ್ಟೆಯಿಂದ ಬಂತು. ಯಮುನಾಬಾಯಿ ಕೈಗೆ ಸಿಕ್ಕ ಚೀಲಕ್ಕೆ ಮುಖ ಇಟ್ಟಳು.

“ಅಯ್ಯ, ನನ್ನ ಮಾರಿ ಅಷ್ಟ ಕೆಟ್ಟ ಐತೇನ್ರಿ? ಅಂದಂಗ, ಆ ಚೀಲದಾಗ ಏನೈತ್ರಿ?”

“ನಿಮಗಂತ ತಂದ ಬೆಲ್ಲ ರೀ.”

ಗದ್ದಲಕ್ಕೆ ನೇತ್ರಾ ಎದ್ದಳು. “ಇರುವಿ ಅಲ್ಲ ಆಯಿ! ಗಾಡಿ ತಿರಗಿದಂಗ ಫೋನಿನ್ಯಾಗ ತಿರಗೂ ಚುಕ್ಕಿ. ಗಾಡಿ ಓಡೂದು ಕಣ್ಣಿಗೂ ತಿಳೀಲಿ, ಹೊಟ್ಟಿ ತೊಳಸಬಾರದು ಅಂತ ಹಚ್ಚಿದ್ದೆ!” ಬಾಯಿ ತೊಳೆಸಿ, ಫೋನನ್ನು ಅಜ್ಜಿಯ ಕಿವಿಗಿಟ್ಟಳು. “ನೋಡಬ್ಯಾಡ. ಬರೇ ಕೇಳ.”

ದನಿ ಬಂತು. ಅದೇ ದನಿ.

“ಬಸ್ಸಿನ್ಯಾಗ ಮೊಬೈಲ್ ನೋಡಬ್ಯಾಡಂತ ಎಷ್ಟ ಸಲ ಹೇಳಲಿ ನಿನಗ? ತಲಿ ಎತ್ತ. ಮುಂದ ನೋಡ!”

ವಿಡಿಯೋದ ಉಳಿದ ಎರಡು ನಿಮಿಷ ಯಮುನಾಬಾಯಿಯದೇ ವಾಂತಿಯ ಸದ್ದು. ಹಿಂದೊಮ್ಮೆ ಎಲ್ಲರೂ ಬಸ್ಸಿನಲ್ಲಿ ಕುರುಂದವಾಡಕ್ಕೆ ಹೋದಾಗ ರೋಹನ ತೆಗೆದದ್ದು!

ಕಣ್ಣೊರೆಸಿಕೊಂಡಳು. ವರ್ಷವಿಡೀ ಯಾರ ಮಾತೂ ಕೇಳದವಳು ತಲೆ ಎತ್ತಿ ಮುಂದೆ ನೋಡಿದಳು. ಹೊಟ್ಟೆ ತಣ್ಣಗಾಯಿತು.

ಹಾಗೆ ನೋಡುತ್ತಲೇ ಇಚಲಕರಂಜಿ ಬಂತು. ಮುಂದೆ ಬೀಗಿತ್ತಿ ನಿಂತಿದ್ದಳು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಬಕೆಟ್ಟು.

“ಬರ್ರಿ ಬರ್ರಿ. ನನ್ನ ಬೆಲ್ಲ ಇದರಾಗ ಹಾಕ್ರಿ!”