ಚಾಂಪಿಯನ್ ಭಾವಮೈದುನನೂ ಮುಂದಿನ ಬ್ರೇಕೂ

ಪತ್ರಿಕಾ ವೃತ್ತಿಯಲ್ಲಿ ಗೆದ್ದವರ ಸಂದರ್ಶನ ಮಾಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಸೋತವರಾದರೆ ಸಲೀಸು. ಠೇವಣಿ ಕಳೆದುಕೊಂಡ ಅಭ್ಯರ್ಥಿಯ ಮನೆಯಲ್ಲಿ ಹೋಗಿ ಕುಳಿತರೆ ಸಾಕು, ಯಾವ ಊರಿನ ಯಾವ ಬೀದಿಯಲ್ಲಿ ಯಾರು ಕೈಕೊಟ್ಟರು, ಯಾಕೆ ಕೈಕೊಟ್ಟರು ಎಂಬುದನ್ನೆಲ್ಲ ಕಾಫಿ ಆರಿ ತಣ್ಣಗಾಗುವವರೆಗೆ ಹೇಳುತ್ತಾರೆ. ಗೆದ್ದವರು "ಎಲ್ಲಾ ಜನರ ಆಶೀರ್ವಾದ" ಎಂದು ಕೈಮುಗಿದು ಜೀಪು ಹತ್ತಿಬಿಡುತ್ತಾರೆ. ಚಿಂತಾಮಣಿಯಲ್ಲಿ ತಾಲ್ಲೂಕು ವರದಿಗಾರನಾಗಿ ಬಹಳ ವರ್ಷ ಈ ಕಷ್ಟ ಅನುಭವಿಸಿದ್ದೇನೆ. ಹತ್ತನೇ ತರಗತಿಯಲ್ಲಿ ತಾಲ್ಲೂಕಿಗೇ ಮೊದಲು ಬಂದ ಹುಡುಗಿಯನ್ನು "ಹೇಗೆ ಓದಿದೆಯಮ್ಮಾ?" ಎಂದು ಕೇಳಿದರೆ "ಓದ್ದೆ ಸಾರ್" ಎಂದಳು. ಒಳ್ಳೆಯ ಟೊಮೆಟೊ ಬೆಳೆದು ಶಾಲು ಹೊದೆಸಿಕೊಂಡ ರೈತರೊಬ್ಬರನ್ನು ಬೆಳೆದ ಬಗೆ ಕೇಳಿದೆ. "ಹಾಕಿದ್ವಿ, ಬಂತು" ಎಂದರು. ಯಾರು, ಏನು, ಯಾವಾಗ, ಎಲ್ಲಿ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುತ್ತಿತ್ತು. 'ಹೇಗೆ' ಎಂಬಲ್ಲಿ ಮಾತ್ರ ಖಾಲಿ. ಕಚೇರಿಯಿಂದ ಫೋನು ಬರುತ್ತಿತ್ತು: "ಸುದ್ದಿ ಸಪ್ಪೆಯಾಗಿದೆಯಲ್ರೀ." ಅದು ಸಂಬಳದ ಕೆಲಸವಾದ್ದರಿಂದ ಸಹಿಸಿಕೊಂಡಿದ್ದೆ. ಆದರೆ ಗೆದ್ದವನೊಬ್ಬ ಮನೆಗೇ ಬಂದು, ನನ್ನ ಮೈಕೈಯನ್ನೇ ಪ್ರಯೋಗಶಾಲೆ ಮಾಡಿಕೊಂಡಾಗ, ಈ ಸಮಸ್ಯೆಯನ್ನು ಹತ್ತಿರದಿಂದ ನೋಡಬೇಕಾಯಿತು.

ಹಾಗೆ ಬಂದವನು ನನ್ನ ಹೆಂಡತಿ ಶಾಂತಳ ತಮ್ಮ ಮಂಜುನಾಥ. ಬೆಟ್ಟದ ಸೈಕಲ್ ಓಟದಲ್ಲಿ ಅವನು ಚಾಂಪಿಯನ್. ರಸ್ತೆ ಇರುವ ಕಡೆ ಸೈಕಲ್ ಓಡಿಸುವುದನ್ನೇ ಅವಮಾನ ಎಂದು ತಿಳಿದವನು. ಬಂಡೆ, ಕೊರಕಲು, ಮುಳ್ಳುಪೊದೆ ಎಲ್ಲಿದೆಯೋ ಅಲ್ಲಿಗೇ ಹುಡುಕಿಕೊಂಡು ಹೋಗಿ ಮೇಲಿನಿಂದ ಕೆಳಕ್ಕೆ ಬಿಡುತ್ತಿದ್ದ. ಗೆದ್ದ ಕಪ್ಪುಗಳು ಮಾವನ ಮನೆಯ ಷೋಕೇಸಿನಲ್ಲಿ ಹಿಡಿಸದೆ ಹೊರಗೆ ಬಂದಿದ್ದವು. ಎಲ್ಲಕ್ಕಿಂತ ದೊಡ್ಡದರಲ್ಲಿ ನಮ್ಮ ಅತ್ತೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತುಂಬಿಟ್ಟಿದ್ದರು. ಆದರೆ ಮೂವತ್ತು ದಾಟಿದ ಮೇಲೆ ಮಂಡಿ ಮಾತು ಕೇಳದಾಯಿತು, ಹೊಸ ಹುಡುಗರು ಹಿಂದಿನಿಂದ ಬಂದು ದಾಟತೊಡಗಿದರು. ಅದೇ ಹೊತ್ತಿಗೆ ಶಿಡ್ಲಘಟ್ಟದ ಒಂದು ಸಂಬಂಧ ಕೂಡಿಬಂತು. ಹುಡುಗಿ ಒಪ್ಪಿದ್ದಳು, ಇವನಂತೂ ಒಪ್ಪಿ ಎರಡು ಸಲ ಒಪ್ಪಿದ್ದ. ಹುಡುಗಿಯ ಅಪ್ಪ ಮಾತ್ರ ಚಕ್ಕುಲಿ ಮುರಿಯುತ್ತಾ ಒಂದು ಮಾತು ಕೇಳಿದ್ದರು: "ಸೈಕಲ್ ಹೊಡೀತಾರೆ, ಸಂತೋಷ. ಕೆಲ್ಸ ಏನು ಮಾಡ್ತಾರೆ?"

ಆ ಪ್ರಶ್ನೆಗೆ ಉತ್ತರ ಗೌರಿಬಿದನೂರಿನ ಕಡೆ ಇತ್ತು. ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಎಲ್ಲ ಶಾಲೆಗಳಿಗೂ ಏನಾದರೂ ಹೊಸದು ಶುರು ಮಾಡುವ ಹುಮ್ಮಸ್ಸು. ಅಲ್ಲಿನ ಒಂದು ವಸತಿ ಶಾಲೆಯವರು ಗೇರ್ ಸೈಕಲ್‌ಗಳನ್ನು ತರಿಸಿ, ಕಲಿಸುವವರನ್ನು ಹುಡುಕುತ್ತಿದ್ದರು. ಪ್ರಿನ್ಸಿಪಾಲ್ ಮೇಡಂ ಮಂಜುವಿನ ಪ್ರಮಾಣಪತ್ರಗಳನ್ನು ನೋಡಿ ಸೋಲಲಿಲ್ಲ. "ಮಕ್ಕಳು ಹೇಗೋ ಕಲಿತುಬಿಡ್ತಾರೆ. ಒಂದು ಭಾನುವಾರ ಬನ್ನಿ. ಶಾಲೆ ಹಿಂದಿನ ದಿಬ್ಬದಿಂದ ನಮ್ಮ ಮೇಷ್ಟ್ರುಗಳನ್ನು ಸೈಕಲ್ ಮೇಲೆ ಇಳಿಸಿ ತೋರಿಸಿ. ಆಮೇಲೆ ಆರ್ಡರ್ ಬರೆಯೋಣ" ಎಂದುಬಿಟ್ಟರು. ಅಂದರೆ ದಿಬ್ಬ ಇಳಿದರೆ ಕೆಲಸ, ಕೆಲಸ ಸಿಕ್ಕರೆ ಮದುವೆ. ಹಾಗಾಗಿ ಮುಂಚಿತವಾಗಿ ಯಾರಾದರೂ ನಡುವಯಸ್ಸಿನ, ಹೊಟ್ಟೆ ಇರುವ, ಹೇಳಿದರೆ ಬೇಗ ಅರ್ಥವಾಗದ ವ್ಯಕ್ತಿಯ ಮೇಲೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದೆಂದು ಅಕ್ಕ ತಮ್ಮ ಸೇರಿ ತೀರ್ಮಾನಿಸಿದರು. ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು.

"ರೀ, ನಾಳೆ ನಿಮ್ಗೇನು ಕೆಲ್ಸ?" ಎಂದಳು ಶಾಂತ.

"ತಾಲ್ಲೂಕು ಪಂಚಾಯಿತಿ ಮೀಟಿಂಗಿದೆ."

"ಅಲ್ಲಿ ಕೋರಂ ಇರಲ್ಲ, ಮುಂದಕ್ಕೆ ಹೋಗ್ತದೆ. ಪ್ರತಿ ಸಲಾನೂ ನೀವೇ ಬರೀತೀರಲ್ಲ. ಹೋಗಿ, ಮಂಜು ಜೊತೆ ಹೋಗಿ ಬನ್ನಿ."

ನನ್ನದೇ ವರದಿಯನ್ನು ನನ್ನ ಮೇಲೆ ಪ್ರಯೋಗಿಸಿದರೆ ಏನು ಮಾಡಲಾಗುತ್ತದೆ? ಮರುದಿನ ಬೆಳಗ್ಗೆ ಅಂಬಾಜಿದುರ್ಗದ ತಪ್ಪಲಿನಲ್ಲಿ, ಮೇಕೆಗಳು ಓಡಾಡಿ ಸವೆದ ಒಂದು ಇಳಿಜಾರಿನ ನೆತ್ತಿಯಲ್ಲಿ, ಗೇರ್ ಸೈಕಲ್ ಹಿಡಿದು ನಿಂತಿದ್ದೆ. ಮಂಜು ಬಹಳ ಉತ್ಸಾಹದಲ್ಲಿದ್ದ.

"ಏನಿಲ್ಲ ಭಾವ. ಸುಮ್ನೆ ಬಿಡಿ. ಅದೇ ಇಳಿಯುತ್ತೆ."

"ಯಾವುದು?"

"ಸೈಕಲ್ಲು. ನೋಡಿ ಹೀಗೆ."

ಹೀಗೆ ಎಂದವನು ಬಿಟ್ಟೇಬಿಟ್ಟ. ಮೇಲಿನಿಂದ ಚೆಲ್ಲಿದ ನೀರು ದಾರಿ ಹುಡುಕಿಕೊಂಡು ಹೋಗುವ ಹಾಗೆ ಬಂಡೆಗಳ ನಡುವೆ ಹರಿದು ಕೆಳಗೆ ನಿಂತ. ಪಕ್ಕದಲ್ಲಿ ಮೇಯುತ್ತಿದ್ದ ಮೇಕೆಗಳು ತಲೆಯೆತ್ತಿ ನೋಡಿದವು. ಅಷ್ಟು ಚೆಂದವಿತ್ತು. ಸೈಕಲ್ ಹೆಗಲಿಗೆ ಹಾಕಿಕೊಂಡು ಹತ್ತಿ ಬಂದು ಕೇಳಿದ, "ನೋಡಿದ್ರಾ ಭಾವ?"

"ನೋಡಿದೆ."

"ಏನ್ ನೋಡಿದ್ರಿ?"

"ನೀನು ಹೋಗಿದ್ದನ್ನ."

ಅವನು ಮತ್ತೊಮ್ಮೆ ಹೋಗಿ ತೋರಿಸಿದ. ನಾನು ಮತ್ತೊಮ್ಮೆ ನೋಡಿದೆ. ಈ ಗುಣ ಅವನಿಗೆ ತಾಯಿಯ ಕಡೆಯಿಂದ ಬಂದದ್ದು ಎಂಬುದು ನನ್ನ ಊಹೆ. ನಮ್ಮ ಅತ್ತೆ ಮಾಡುವ ಹುರುಳಿಕಾಳಿನ ಬಸ್ಸಾರನ್ನು ಕಲಿಯಬೇಕೆಂದು ಶಾಂತ ಮದುವೆಯಾದಂದಿನಿಂದ ಪ್ರಯತ್ನಿಸುತ್ತಿದ್ದಾಳೆ. "ಖಾರ ಎಷ್ಟಮ್ಮ?" ಎಂದರೆ "ಬೇಕಾದಷ್ಟು ಹಾಕಮ್ಮ". "ಎಷ್ಟು ಹೊತ್ತು ಕುದಿಸ್ಲಿ?" ಎಂದರೆ "ಆಗೋವರ್ಗೂ". ಹಾಗೆಂದು ಅವರು ಏನನ್ನೂ ಮುಚ್ಚಿಡುವವರಲ್ಲ, ಗೊತ್ತಿರುವುದನ್ನೆಲ್ಲ ಹೇಳುತ್ತಾರೆ. ಗೊತ್ತಿರುವುದು ಕೈಯಲ್ಲಿದೆ, ಬಾಯಿಗೆ ಬಂದಿಲ್ಲ, ಅಷ್ಟೆ.

ಮಂಜುವಿನ ವಿಷಯದಲ್ಲಿ ನಾನು ವರದಿಗಾರನ ಶಿಸ್ತಿನಿಂದ ಮುಂದುವರಿದೆ. ಒಂದೊಂದಾಗಿ ಪ್ರಶ್ನೆ ಹಾಕಿದೆ. ಕಲ್ಲು ಎದುರಾದಾಗ ಮೈಭಾರ ಎಲ್ಲಿರುತ್ತದೆ? ಮೊಣಕೈ ಮಡಚಿರುತ್ತದೋ ನೆಟ್ಟಗಿರುತ್ತದೋ? ಉಸಿರು ಬಿಡುತ್ತೀಯೋ ಹಿಡಿಯುತ್ತೀಯೋ? ಅವನು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು, ಇಲ್ಲದ ಸೈಕಲ್ಲಿನ ಮೇಲೆ ಅತ್ತಿತ್ತ ವಾಲಿದ. "ಗೊತ್ತಾಗ್ತಿಲ್ಲ ಭಾವ, ಹೋಗಿ ನೋಡ್ಕೊಂಡು ಬರ್ತೀನಿ" ಎಂದು ಹೊರಟ. ಈ ಸಲ ಮೊಣಕೈಯನ್ನು ನೋಡಿಕೊಳ್ಳುತ್ತಾ, ಉಸಿರನ್ನು ಗಮನಿಸುತ್ತಾ ಹೋದ. ಮೊದಲ ಕಲ್ಲಿಗೇ ಉರುಳಿಬಿದ್ದ. ರಾಜ್ಯಮಟ್ಟದ ಚಾಂಪಿಯನ್ ಒಬ್ಬನನ್ನು ಬರೀ ಪ್ರಶ್ನೆ ಕೇಳಿ ಬೀಳಿಸಿದ್ದು ನನ್ನ ವೃತ್ತಿಜೀವನದ ಒಂದು ಸಾಧನೆಯೇ. ಆದರೆ ಅವನು ಮಣ್ಣು ಕೊಡವಿಕೊಳ್ಳುತ್ತಾ "ಮದ್ವೆ ಆದಂಗೇ ಬಿಡಿ" ಎಂದಾಗ ಸಾಧನೆಯ ಸಂತೋಷ ಉಳಿಯಲಿಲ್ಲ.

ಅವನ ಮುಖ ನೋಡಲಾರದೆ ನಾನೇ ಸೈಕಲ್ ಹತ್ತಿದೆ. 'ಸುಮ್ನೆ ಬಿಡಿ' ಎಂದಿದ್ದನಲ್ಲ, ಬಿಟ್ಟೆ. ಅದು ಇಳಿಯಿತು. ಇಳಿಯುವುದರ ಬಗ್ಗೆ ಅವನು ಸುಳ್ಳು ಹೇಳಿರಲಿಲ್ಲ. ವೇಗ ಹೆಚ್ಚಾದಾಗ ಹಿಂದಿನ ಬ್ರೇಕನ್ನು ಜೀವ ಹೋಗುವ ಹಾಗೆ ಹಿಡಿದೆ. ಹಿಂದಿನ ಚಕ್ರ ನನ್ನನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. ಲಾಂಟಾನ ಪೊದೆಯೊಳಗಿಂದ ನನ್ನನ್ನು ಎಳೆಯುತ್ತಾ ಮಂಜು ಕೇಳಿದ, "ಮುಂದಿನ ಬ್ರೇಕ್ ಯಾಕೆ ಹಿಡೀಲಿಲ್ಲ ಭಾವ?"

"ಅದು ಹಿಡಿಯೋದಕ್ಕಾ ಇರೋದು?"

ಅವನು ನನ್ನನ್ನು ಪೊದೆಯಲ್ಲಿ ಅರ್ಧಕ್ಕೇ ಬಿಟ್ಟು ನಿಂತ. ಅವನಿಗೆ ಅರ್ಥವಾಗಲಿಲ್ಲ, ಅರ್ಥವಾಗುವಂಥದ್ದೂ ಅಲ್ಲ. ಓದುಗರಲ್ಲಿ ನಮ್ಮ ವಯಸ್ಸಿನವರಿಗೆ ಗೊತ್ತಿರುತ್ತದೆ. ನಮ್ಮ ಕಡೆ ಹೊಸ ಸೈಕಲ್ ಮನೆಗೆ ಬಂದರೆ ಮೊದಲು ಚಕ್ರಕ್ಕೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಹೂವು, ಆಮೇಲೆ ಮುಂದಿನ ಬ್ರೇಕನ್ನು ಸಡಿಲ ಮಾಡಿಸುವುದು. "ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡೀತೀಯ" ಎಂದು ಅಪ್ಪ, ದೊಡ್ಡಪ್ಪ, ಸೈಕಲ್ ಷಾಪಿನವರು ಎಲ್ಲರೂ ಒಕ್ಕೊರಲಿನಿಂದ ಹೇಳಿ, ಪ್ರೀತಿಯಿಂದಲೇ ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡಿ ಕೊಡುತ್ತಿದ್ದರು. ನಮ್ಮ ಪಾಲಿಗೆ ಅದೊಂದು ಅಲಂಕಾರ. ಇದನ್ನೆಲ್ಲ ಪೊದೆಯಲ್ಲಿ ಕುಳಿತೇ ವಿವರಿಸಿದೆ.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ಭಾವ?"

"ನೀನ್ಯಾಕೆ ಕೇಳ್ಲಿಲ್ಲಯ್ಯ?"

ಹಿಂದಿರುಗುವಾಗ, ಊರು ಹತ್ತಿರವಾದ ಮೇಲೆ, ಅವನು "ಇನ್ನೂ ಏನೇನು ಗೊತ್ತಿಲ್ಲ ನಿಮ್ಗೆ?" ಎಂದು ಕೇಳಿದ. ಗೌರವ ಬೆರೆತ ಪ್ರಶ್ನೆಯೇ ಅದು. ಭಾನುವಾರದವರೆಗೂ ದಿನಾ ಬೆಳಗ್ಗೆ ನನ್ನನ್ನು ದುರ್ಗಕ್ಕೆ ಕರೆದೊಯ್ದು, ನಾನು ಬೀಳುವುದನ್ನು ನಾಲ್ಕೂ ದಿಕ್ಕಿನಿಂದ ನೋಡಿದ.

ಭಾನುವಾರ ನಾನು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ತಟಸ್ಥ ವೀಕ್ಷಕನಾಗಿ ಗೌರಿಬಿದನೂರಿಗೆ ಹೋದೆ. ಶಾಲೆಯ ಹಿಂದೆ ದಿಬ್ಬ, ದಿಬ್ಬದ ಮೇಲೆ ಹೆಲ್ಮೆಟ್ ಹಾಕಿಕೊಂಡ ಮೇಷ್ಟ್ರುಗಳು, ಕೆಳಗೆ ಕುರ್ಚಿಯಲ್ಲಿ ಪ್ರಿನ್ಸಿಪಾಲ್ ಮೇಡಂ. ಅಷ್ಟು ಜನರನ್ನು ಕಂಡು ಹೆದರಿದ ಮಂಜು ಕಲಿತದ್ದನ್ನೆಲ್ಲ ಮರೆತು ಹಳೆಯ ಮಾತಿಗೇ ಬಂದ. "ಏನಿಲ್ಲ ಸಾರ್, ಸುಮ್ನೆ ಬಿಡಿ, ಅದೇ ಇಳಿಯುತ್ತೆ."

ಗಣಿತದ ವೆಂಕಟರೆಡ್ಡಿ ಮೇಷ್ಟ್ರು ಕೆಳಗೊಮ್ಮೆ ಇಣುಕಿ, "ಅಯ್ಯಯ್ಯೋ, ಪಡಿಪೋತಾನು ನೇನು" ಎಂದು, ಬೀಳುವ ಮೊದಲೇ ಸೈಕಲ್ಲಿನಿಂದ ಇಳಿದುಬಿಟ್ಟರು. ಗಡಿಯ ಕಡೆಯವರು, ಭಯವಾದಾಗ ಅವರಿಗೆ ತೆಲುಗೇ ಬರುತ್ತಿತ್ತು. ಉಳಿದವರೂ ಇಳಿದರು. ಮಂಜು ತಾನೇ ಹೋಗಿ ತೋರಿಸಿದ, ನೀರಿನ ಹಾಗೆ. ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು, ಸೈಕಲ್ ಮುಟ್ಟಲಿಲ್ಲ. ಪ್ರಿನ್ಸಿಪಾಲ್ ಮೇಡಂ ಗಡಿಯಾರ ನೋಡಿಕೊಂಡರು. ಆಗ ನನ್ನ ಭಾವಮೈದುನ ಸುತ್ತ ಒಮ್ಮೆ ನೋಡಿ, ನನ್ನ ಇಸ್ತ್ರಿ ಪ್ಯಾಂಟಿನ ಮೇಲೆ ದೃಷ್ಟಿ ನಿಲ್ಲಿಸಿದ.

"ಭಾವ, ಬನ್ನಿ ಇಲ್ಲಿ. ದುರ್ಗದಲ್ಲಿ ಮಾಡಿದ್ರಲ್ಲ, ಹಂಗೇ ಮಾಡಿ."

"ಯಾವುದನ್ನಯ್ಯ?"

"ಯಾವುದಾದ್ರೂ ಪರವಾಗಿಲ್ಲ."

ಅವನ ಕಣ್ಣು ನೋಡಿದರೆ ಶಿಡ್ಲಘಟ್ಟದ ಆ ಹುಡುಗಿ ಕೈಜಾರುತ್ತಿರುವುದು ಕಾಣುತ್ತಿತ್ತು. ಹತ್ತಿದೆ, ಬಿಟ್ಟೆ. ಅವನು ಪಕ್ಕದಲ್ಲೇ ಓಡುತ್ತಾ ಕೂಗತೊಡಗಿದ. "ನೋಡಿ ಸಾರ್, ಭಾವನ ಕಣ್ಣೆಲ್ಲಿದೆ? ಚಕ್ರದ ಮೇಲೆ! ದಾರಿ ಮೇಲಿರ್ಬೇಕು, ಮುಂದೆ! ಮೊಣಕೈ ನೋಡಿ, ಕೋಲಿನಂಗೆ ಬಿಗಿ. ಸೊಂಟ ಸೀಟಿಗೆ ಅಂಟ್ಕೊಂಡಿದೆ, ಅದು ಹಿಂದಕ್ಕೆ ಬರ್ಬೇಕು. ಈಗ ನೋಡಿ, ಹಿಂದಿನ ಬ್ರೇಕ್ ಒಂದನ್ನೇ ಹಿಡೀತಾರೆ, ಹಿಂದಿನ ಚಕ್ರ ಜಾರ್ತದೆ. ಹಾಂ, ಜಾರ್ತು! ಬಿದ್ರು! ಯಾಕ್ ಬಿದ್ರು ಹೇಳಿ?"

ನೆಲದಲ್ಲಿದ್ದ ನನಗೆ ಆಶ್ಚರ್ಯವಾಯಿತು. ತನ್ನ ಮೈ ಏನು ಮಾಡುತ್ತದೆಂದು ಒಂದು ವಾಕ್ಯ ಹೇಳಲಾರದವನು ನನ್ನ ಮೈಯ ತಪ್ಪುಗಳನ್ನು ಧಾರಾಳವಾಗಿ ವಿವರಿಸುತ್ತಿದ್ದ. ಸರಿಯಾದದ್ದು ಅವನಿಗೆ ಕಾಣುತ್ತಲೇ ಇರಲಿಲ್ಲ. ತಪ್ಪು ಎದುರಿಗೆ ಬಂದರೆ ಬಾಯಿ ಬರುತ್ತಿತ್ತು. "ನಿಮ್ಮಲ್ಲಿ ಮುಂದಿನ ಬ್ರೇಕ್ ಹಿಡಿಯೋರು ಯಾರಿದ್ದೀರಿ?" ಎಂದು ಕೇಳಿದ. ಒಂದು ಕೈಯೂ ಮೇಲೇಳಲಿಲ್ಲ. "ಸರಿ, ಅಲ್ಲಿಂದ್ಲೇ ಶುರು ಮಾಡಣ" ಎಂದು, ಬೆರಳಿನಿಂದ ಮೆತ್ತಗೆ ಒತ್ತುವುದನ್ನು ಸಮತಟ್ಟು ನೆಲದಲ್ಲೇ ಕಲಿಸಿದ. ನಡುನಡುವೆ ಸಂಶಯ ಬಂದಾಗಲೆಲ್ಲ "ಭಾವ, ಇನ್ನೊಂದ್ಸಲ" ಎನ್ನುತ್ತಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ವೆಂಕಟರೆಡ್ಡಿ ಮೇಷ್ಟ್ರು ಪೂರ್ತಿ ದಿಬ್ಬವನ್ನು ಇಳಿದು, ಕೆಳಗೆ ನಿಂತು ಅಪ್ಪಟ ಕನ್ನಡದಲ್ಲಿ "ಇಷ್ಟೇನಾ?" ಎಂದರು.

ಪ್ರಿನ್ಸಿಪಾಲ್ ಮೇಡಂ ಆರ್ಡರ್ ಬರೆದುಕೊಟ್ಟರು. ಜೊತೆಗೆ ಒಂದು ಸಣ್ಣ ಷರತ್ತನ್ನೂ ಹಾಕಿದರು. "ಪ್ರತಿ ಹೊಸ ಬ್ಯಾಚಿನ ಮೊದಲನೇ ದಿನ ನಿಮ್ಮ ಭಾವನವರನ್ನೂ ಕರ್ಕೊಂಡು ಬನ್ನಿ. ಅವರಿಲ್ಲದೆ ನಿಮ್ಮ ಪಾಠ ಅರ್ಥ ಆಗಲ್ಲ."

ದೊಡ್ಡ ಆಟಗಾರರು ಒಳ್ಳೆಯ ಗುರುಗಳಾಗುತ್ತಾರೆಯೇ ಎಂದು ಯಾರಾದರೂ ಕೇಳಿದರೆ, ಆಗುತ್ತಾರೆ, ಪಕ್ಕದಲ್ಲಿ ನಂಬಿಕಸ್ಥನಾದ ಒಬ್ಬ ದಡ್ಡ ಇರಬೇಕು ಎಂದು ಹೇಳುತ್ತೇನೆ. ಶಾಂತ ನನ್ನ ಮಂಡಿಗೆ ಎಣ್ಣೆ ಹಚ್ಚುತ್ತಾ, "ನಮ್ಮ ಮಂಜು ಪಾಠ ಹೇಳಿದ್ದೇ ಹೇಳಿದ್ದಂತೆ" ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡಳು. ನನ್ನ ಪಾಲನ್ನು ಆ ವರದಿಯಲ್ಲಿ ಕೈಬಿಟ್ಟಿದ್ದಳು, ಸ್ಥಳಾಭಾವ ಇದ್ದಿರಬಹುದು.

ಮುಂದಿನ ತಿಂಗಳು ಶಿಡ್ಲಘಟ್ಟದಲ್ಲಿ ನಿಶ್ಚಿತಾರ್ಥ. ಹುಡುಗ ಹುಡುಗಿ ಹಾರ ಹಾಕಿಕೊಂಡು ಕುಳಿತಿದ್ದರು. ಹುಡುಗಿಯ ಅಪ್ಪ ಖುಷಿಯಲ್ಲಿ ಬಂದವರಿಗೆಲ್ಲ ನಮ್ಮನ್ನು ಪರಿಚಯ ಮಾಡಿಸುತ್ತಿದ್ದರು. ಅಳಿಯನ ಕೆಲಸವನ್ನು ಎರಡೆರಡು ಸಲ ಹೇಳಿ, ನನ್ನ ಕಡೆ ತಿರುಗಿ, ನೆಂಟರೊಬ್ಬರಿಗೆ, "ಇವ್ರು ಹುಡುಗನ ಭಾವ. ಪೇಪರ್ನಲ್ಲಿದ್ದಾರೆ. ಅಲ್ದೆ ಅದೇ ಸ್ಕೂಲಲ್ಲಿ ಬಿದ್ದು ತೋರಿಸೋ ಕೆಲ್ಸಾನೂ ಇವ್ರದೇ" ಎಂದರು. ನೆಂಟರು ಎರಡೂ ಕೈ ಜೋಡಿಸಿ, "ಪರ್ಮನೆಂಟಾ ಸಾರ್?" ಎಂದು ಕೇಳಿದರು. ತಪ್ಪು ಸುದ್ದಿ ಕಂಡರೆ ಅಲ್ಲೇ ತಿದ್ದುವುದು ನನ್ನ ಅಭ್ಯಾಸ. ಅವರು ಹೇಳಿದ್ದನ್ನು ಮನಸ್ಸಿನಲ್ಲೇ ಎರಡು ಸಲ ಓದಿ ನೋಡಿದೆ. ತಿದ್ದುವಂಥದ್ದೇನೂ ಸಿಗಲಿಲ್ಲ.