ಕಾಚಿನ್ಯಾಗ ಏನ ಕಾಣತೈತ್ರೀ?

ಇನ್ನೂ ಕಟ್ಟದ ಮನಿನ್ನ ಕಟ್ಟಿ ಮುಗಿಸಿದಂಗ ಕಂಪ್ಯೂಟರಿನ್ಯಾಗ ತೋರಸೂದು ನನ್ನ ಕೆಲಸ. ಗ್ವಾಡಿ, ಬಾಗಲಾ, ಗಿಡ ಎಲ್ಲಾ ನಾ ಹೇಳಿದಂಗ ಕೇಳತಾವ. ಕಾಚ, ಅಂದ್ರ ಗಾಜು, ಮಾತ್ರ ಕೇಳಂಗಿಲ್ಲ. ಅದು ಒಳಗಿಂದೂ ತೋರಸಬೇಕು, ಎದುರಿಗಿದ್ದದ್ದರ ಪ್ರತಿಬಿಂಬನೂ ತೋರಸಬೇಕು. ಯಾವುದು ಎಷ್ಟು ಅನ್ನೂದು ನನಗ ಇನ್ನೂ ತಿಳದಿಲ್ಲ. ಹಿಂಗಾಗಿ ಒಂದು ಫಜೀತಿ ಮುಗೀತು ಅನ್ನೂದ್ರಾಗ ಇನ್ನೊಂದು ಬಂದ ನಿಂತಿರತೈತಿ.

ಎದುರಿನ ಅಂಗಡಿ

ಇಚಲಕರಂಜಿಯ ಅರಿವಿ ವ್ಯಾಪಾರಿ ಒಬ್ಬರು ಹೊಸಾ ಶೋರೂಮ್ ಕಟ್ಟಸಾವ್ರಿದ್ರು. ಮುಂದಿನ ಭಾಗ ಪೂರಾ ಕಾಚ. ಖರೇ ಕಾಣ್ಲಿ ಅಂತ ಅವರ ಜಾಗಾಕ್ಕ ಹೋಗಿ, ರಸ್ತೆದ ಫೋಟೋ ತಗದು, ಅದರ ಪ್ರತಿಬಿಂಬ ಕಾಚಿನ್ಯಾಗ ಬೀಳುವಂಗ ಮಾಡಿದೆ. ಚಿತ್ರ ತೋರಸಿದ್ರ ಶೇಠಜಿ ಖುಷಿಲೆ ಕುರ್ಚಿ ಮುಂದ ಎಳಕೊಂಡ್ರು. ಆಮ್ಯಾಲ ಮುಖ ಇಳೀತು.

"ಅಕ್ಕಾರ, ನನ್ನ ಅಂಗಡಿ ಮ್ಯಾಲ ಅವನ ಬೋರ್ಡ್ ಯಾಕ ಹಾಕೀರಿ?"

ನೋಡಿದ್ರ, ಎದುರಿನ ಅಂಗಡಿ ಬೋರ್ಡು. ಆ ಅಂಗಡಿಯಾವಗೂ ಇವರಿಗೂ ಮಾತಿಲ್ಲ ಕತಿಯಿಲ್ಲ ಅನ್ನೂದು ನನಗೇನ ಗೊತ್ತು?

"ಅದು ಪ್ರತಿಬಿಂಬ ರೀ. ನಾಳೆ ಖರೇ ಕಾಚ ಹಾಕಿಸಿದ್ರೂ ಹಂಗ ಕಾಣತೈತಿ."

"ಅಂದ್ರ ನನ್ನ ಕಾಚಿನ್ಯಾಗ ದಿನಾ ಅವನ ಜಾಹಿರಾತು? ಅದೂ ಫುಕಟ?"

ನಾ ಗಾಬರಿಯಾಗಿ ಅಳಸಾಕ ಹ್ವಾದೆ. ಅವರು ಕಣ್ಣ ಸಣ್ಣ ಮಾಡಿದ್ರು. "ತಡೀರಿ. ಅಕ್ಷರ ಉಲ್ಟಾ ಅದಾವಲ್ಲ?"

"ಹೌದ್ರಿ, ಕಾಚಿನ್ಯಾಗ ಉಲ್ಟಾನ ಕಾಣೂದು."

ಶೇಠಜಿ ಆರಾಮಾಗಿ ಹಿಂದಕ್ಕ ಒರಗಿದ್ರು. "ಹಂಗಾರ ಇರ್ಲಿ ಬಿಡ್ರಿ. ನನ್ನ ಕಾಚಿನ್ಯಾಗರ ಅವನ ಧಂಧೆ ಉಲ್ಟಾ ಆಗ್ಲಿ."

ಬರ್ಫದ ಗುಡ್ಡಾ

ಊರಿನ ಫೋಟೋ ಹಾಕಿದ್ರ ಜಗಳ ಅಂತ, ಗಡಹಿಂಗ್ಲಜದ ಡಾಕ್ಟರ ಬಂಗಲೆಗೆ ಸಾಫ್ಟವೇರ್ ಜೋಡಿ ಬರೋ ತಯಾರ ಫೋಟೋ ಹಾಕಿದೆ. ಅದು ಯಾವ ದೇಶದ್ದೋ ಏನೋ, ದೊಡ್ಡ ಕಿಡಕಿ ಕಾಚಿನ ತುಂಬ ಬರ್ಫದ, ಅಂದ್ರ ಹಿಮದ, ಗುಡ್ಡಾ ಹೊಳೀತು.

ಡಾಕ್ಟರ ತಾಯಿ ಬಗ್ಗಿ ನೋಡಿದ್ರು. "ಯವ್ವಾ, ಈ ಬೆಳ್ಳಗಿಂದು ಏನವಾ?"

"ಬರ್ಫ ರೀ, ಆಯಿ."

"ನಮ್ಮ ಕಿಡಕಿ ಎದುರಿಗೆ ಕಬ್ಬಿನ ಹೊಲಾ ಐತಲ್ಲ?"

ಇದು ಬರೇ ಹೊಳಪಿಗೆ ಹಾಕಿದ್ದು, ಖರೇ ಅಲ್ಲ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲಾದಕ್ಕೂ ಗೋಣ ಹಾಕಿದ್ರು. ತಿಳೀತು ಅನ್ಕೊಂಡೆ.

ಬಂಗಲೆ ಮುಗದು, ವಾಸ್ತು ಶಾಂತಿಗೆ ಕರದಿದ್ರು. ಎಲ್ಲಾರೂ ಊಟಕ್ಕ ಕುಂತಾರ, ಆಯಿ ಮಾತ್ರ ಕಿಡಕಿ ಮುಂದ ಕುರ್ಚಿ ಹಾಕ್ಕೊಂಡು ಸಿಟ್ಟಿಲೆ ಹೊರಗ ನೋಡಾಕತ್ತಾರ. ನನ್ನ ಕಂಡಾವ್ರ, "ಎಲ್ಲಾ ಮಾಡೀರಿ, ಗುಡ್ಡಾ ಯಾಕ ಬಿಟ್ರಿ?" ಅಂದ್ರು.

ನಾ ಬಾಯಿ ತಗಿಯೂದ್ರಾಗ ಡಾಕ್ಟರು ನನ್ನ ಬಾಜೂಕ್ಕ ಕರದು ಪಿಸಿಪಿಸಿ ಅಂದ್ರು: "ಮೇಡಂ, ಗುತ್ತೇದಾರ ಇನ್ನೂ ಗುಡ್ಡದ ಮಾಲ ಇಳಸಿಲ್ಲ ಅಂತ ಅವ್ವಗ ಹೇಳೇನಿ. ನೀವೂ ಅದನ್ನ ಹೇಳ್ರಿ."

ಕಾಚಿನ ಹೊಲಸ

ಭಾಳ ಸ್ವಚ್ಛ ಇದ್ರ ಕಾಚ ಖೋಟಾ ಕಾಣತೈತಿ, ಒಂದೀಟ ಧೂಳ, ಕೈ ಬಟ್ಟಿನ ಗುರುತು ಹಾಕಬೇಕು ಅಂತ ಒಂದು ವಿಡಿಯೋದಾಗ ನೋಡಿದ್ದೆ. ಕಾಗಲ ಊರಿನ ಬಿಲ್ಡರ್ ಒಬ್ಬರ ಫ್ಲ್ಯಾಟಿನ ಕಾಚಿಗೆ ಹಾಕಿದೆ. ಚಿತ್ರ ನೋಡಿದಾವ್ರ ಅವರು ಕರ್ಚೀಪ ತಗದು ನನ್ನ ಸ್ಕ್ರೀನ್ ಒರಸಿದ್ರು. ಹಾ ಅಂತ ಉಸರ ಬಿಟ್ಟು ಇನ್ನೊಮ್ಮೆ ಒರಸಿದ್ರು.

"ಬೇಕಂತನ ಹಾಕೇನ್ರಿ," ಅಂದೆ, "ಖರೇ ಕಾಣ್ಲಿ ಅಂತ."

ಅವರು ಕರ್ಚೀಪ ಮಡಚಿ ಕಿಸೇದಾಗ ಇಟ್ಕೊಂಡ್ರು. "ಹೊಲಸ ನಾವ್ಯಾಕ ಹಾಕಿ ಕೊಡೂದ್ರೀ? ಜನಾ ಬಂದ ಮ್ಯಾಲ ಅವರ ಮಾಡ್ಕೋತಾರ."

ಹಳದಿ ಸೀರಿಯಾಕಿ

ಕೊಲ್ಹಾಪುರದ ಗಂಡ ಹೆಂಡತಿ ಮನಿ ಚಿತ್ರ ನೋಡಾಕ ಬಂದಿದ್ರು. ಚಿತ್ರಕ್ಕ ಜೀವ ಬರ್ಲಿ ಅಂತ ಸಾಫ್ಟವೇರಿನ್ಯಾಗ ತಯಾರ ಮನಷ್ಯಾರ ಸಿಗತಾರ. ಹಳದಿ ಸೀರಿಯಾಕಿ ಒಬ್ಬಾಕಿನ್ನ ಅಂಗಳದಾಗ ನಿಲ್ಲಿಸಿ, ಮನಿಗೆ ಅಡ್ಡ ಬರತಾಳ ಅಂತ ಸಾಫ್ಟವೇರಿನ ಕ್ಯಾಮೆರಾದ ಹಿಂದಕ್ಕ ಸರಸಿದ್ದೆ. ಚಿತ್ರದಾಗ ಆಕಿ ಇರಲಿಲ್ಲ. ಕಾಚಿನ ಬಾಗಲದಾಗ ಮಾತ್ರ ನಕ್ಕೋಂತ ನಿಂತಿದ್ಲು.

ಹೆಂಡತಿ ಗಂಡನ ಕಡೆ ತಿರಗಿ ಮರಾಠಿ ಬೆರಸಿ ಕೇಳಿದ್ರು. "ಹೀ ಕೋಣ? ಯಾರ ಇಕಿ?"

"ನನಗೇನ ಗೊತ್ತು!"

"ನಮ್ಮನಿ ಬಾಗಲದಾಗ ನಿಂತಾಳ, ನಿಮಗ ಗೊತ್ತಿಲ್ಲ?"

"ಅವರದೇನೂ ತಪ್ಪಿಲ್ರಿ," ಅಂತ ನಾ ನಡುವ ಬಿದ್ದೆ. "ಆಕಿ ಕ್ಯಾಮೆರಾದ ಹಿಂದ ನಿಂತಾಳ. ತೋರಸ್ತೇನಿ." ಕ್ಯಾಮೆರಾ ತಿರುವಿದೆ. ಆಕಿ ಸ್ಕ್ರೀನ್ ತುಂಬ ಬಂದ್ಲು. ಮಾರಿ ಭಾಳ ಚಂದಿತ್ತು. ಗಂಡ ನೋಡಿದ್ರು. ಗಂಡ ನೋಡಿದ್ದನ್ನ ಹೆಂಡತಿ ನೋಡಿದ್ರು.

ಲಗೂನ ಬಟನ್ ಒತ್ತಿ ಆಕಿನ್ನ ತಗದೆ. ಕ್ಯಾಮೆರಾ ಮತ್ತ ಮನಿ ಕಡೆ ತಿರುವಿದ್ರ, ಕಂಪ್ಯೂಟರ್ ಹ್ಯಾಂಗ್ ಆಗಿ ಹಳೇ ಚಿತ್ರಾನ ತೋರಸಾಕತ್ತು. ಆಕಿ ಹೋಗ್ಯಾಳ, ಕಾಚಿನ್ಯಾಗ ನಗಿ ಹಂಗ ಐತಿ!

"ತಗದ್ರೂ ಹೋಗವಲ್ಲಳಲ್ಲ!" ಹೆಂಡತಿ ಎದ್ದ ನಿಂತ್ರು. "ಈ ಮನಿ ನನಗ ಬ್ಯಾಡ."

ಗಂಡನ ಮಾರಿ ಬೆಳ್ಳಗಾತು. ನಾ ಕಂಪ್ಯೂಟರ್ ಬಂದ ಮಾಡಿ ಮತ್ತ ಚಾಲೂ ಮಾಡಿದೆ. ಚಿತ್ರ ಬಂತು. ಕಾಚಿನ್ಯಾಗ ಬರೇ ಆಕಾಶ.

ಹೆಂಡತಿ ಸಾವಕಾಶ ಕುಂತ್ರು. "ಮನಷ್ಯಾರ ಬೇಕ ಅಂದ್ರ ನನ್ನ ನಿಲ್ಲಸ್ರಿ."

ಅಲ್ಲೇ ಅವರ ಫೋಟೋ ತಗದು, ಕಾಚಿನ ಬಾಗಲದ ಮುಂದ ನಿಲ್ಲಿಸಿದೆ. ಕಾಚಿನ್ಯಾಗ ಅವರ ಪ್ರತಿಬಿಂಬನೂ ಸ್ವಚ್ಛ ಮೂಡಿತು. ಅವರಿಗೆ ಭಾಳ ಸೇರ್ತು, ನಕ್ಕೋಂತ ಹೊರಗ ಹ್ವಾದ್ರು. ಗಂಡ ಮಾತ್ರ ಬಾಗಲದಿಂದ ತಿರಗಿ ಬಂದು, ನನ್ನ ಮುಂದ ಕೈ ಮುಗದ್ರು.

"ತಾಯಿ, ಆ ಪ್ರತಿಬಿಂಬ ಒಂದ ತಗದ ಬಿಡ್ರಿ. ನನಗ ಇಕಿ ಒಬ್ಬಾಕಿನ ಸಾಕಾಗ್ಯಾಳ."